ಪೆನ್ ಡ್ರೈವ್ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿವೆ, ಕ್ರೋಮಿನಲ್ಲಿ ವೈರಸ್ ಎಚ್ಚರಿಕೆ ಬರ್ತಾ ಉಂಟು: ಫಾರ್ಮ್ಯಾಟೇ ಮಾಡಬೇಕಾ?

ಅಂಬಲಪಾಡಿ_ಮನೆ

ಉಡುಪಿಯ ಮನೆಯಲ್ಲಿರುವ ಡೆಸ್ಕ್‌ಟಾಪಿನ ವಿಷಯ. ಇಂಟೆಲ್ ಐ5 ನಾಲ್ಕನೇ ತಲೆಮಾರು, 8 ಜಿಬಿ ರ‍್ಯಾಮ್, ಸಿ ಡ್ರೈವ್ 240 ಜಿಬಿ ಎಸ್‌ಎಸ್‌ಡಿ, ಡಿ ಡ್ರೈವ್ ಬೇರೆಯೇ ಒಂದು 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10. ಹೆಚ್ಚಾಗಿ ಬಳಸುವುದು ಅಪ್ಪ.

ಆರ್‌ಟಿಸಿ ಮತ್ತು ಆಧಾರ್ ಪ್ರಿಂಟ್ ತೆಗೆಸಲಿಕ್ಕೆ ಪೆನ್ ಡ್ರೈವ್ ಒಂದು ಜೆರಾಕ್ಸ್ ಅಂಗಡಿಗೆ ಹೋಗಿತ್ತು. ತಂದು ಹಾಕಿದ ಮೇಲೆ ಅದರ ಫೋಲ್ಡರೆಲ್ಲ ಬಾಣದ ಗುರುತಿನ ಶಾರ್ಟ್‌ಕಟ್ ಆಗಿವೆ, ಒಂದೊಂದೂ 2 ಕೆಬಿ. ಕ್ಲಿಕ್ ಮಾಡಿದರೆ ಒಳಗಿನ ಫೈಲ್ ಕಾಣ್ತದೆ. ಡಿಲೀಟ್ ಮಾಡಿದರೆ ಐದಾರು ಸೆಕೆಂಡಿನಲ್ಲಿ ಮತ್ತೆ ಬರ್ತದೆ. ಹೊಸ ಪೆನ್ ಡ್ರೈವ್ ಹಾಕಿದರೂ ಹಾಗೆಯೇ.

ಅದಲ್ಲದೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ "5 ವೈರಸ್ ಸಿಕ್ಕಿವೆ, ಈಗಲೇ ತೆಗೆಯಿರಿ" ಎಂದು ದಿನವಿಡೀ ಬರ್ತಾ ಉಂಟು. ಕ್ರೋಮಿನಲ್ಲಿ ಏನು ಹುಡುಕಿದರೂ ಬೇರೆ ಯಾವುದೋ ಪುಟಕ್ಕೆ ಹೋಗಿ ಅಲ್ಲಿಂದ ಫಲಿತಾಂಶ ತೋರಿಸ್ತದೆ. ಮೆನುವಿನ ಅಡಿಯಲ್ಲಿ "ನಿಮ್ಮ ಸಂಸ್ಥೆಯಿಂದ ನಿರ್ವಹಿಸಲಾಗುತ್ತಿದೆ" ಎಂಬ ಅರ್ಥದ ಸಾಲು. ಮನೆ ಕಂಪ್ಯೂಟರಿಗೆ ಯಾವ ಸಂಸ್ಥೆ? ವಿಂಡೋಸಿನದ್ದೇ ಆಂಟಿವೈರಸ್ ಡಿಫೆಂಡರ್‌ನಲ್ಲಿ ಕ್ವಿಕ್ ಸ್ಕ್ಯಾನ್ ಮಾಡಿದರೆ ಏನೂ ಇಲ್ಲ ಅಂತದೆ. ಆಫೀಸ್ ತಂತ್ರಾಂಶವನ್ನು ಯಾರೋ ಆಕ್ಟಿವೇಟರ್ (ಲೈಸೆನ್ಸ್ ಇಲ್ಲದೆ ಓಡಿಸುವ ಕಳ್ಳ ಪ್ರೋಗ್ರಾಂ) ಹಾಕಿ ಕೊಟ್ಟದ್ದು, ಅದನ್ನೂ ಹೇಳಿಬಿಡ್ತೇನೆ.

ಡಿ ಡ್ರೈವಿನಲ್ಲಿ ಸುಮಾರು 400 ಜಿಬಿ ಯಕ್ಷಗಾನ, ತಾಳಮದ್ದಳೆ ರೆಕಾರ್ಡಿಂಗ್ ಮತ್ತು ಮನೆಯವರ ಫೋಟೋ ಉಂಟು. ಅದು ಹೋಗಬಾರದು. ಫಾರ್ಮ್ಯಾಟ್ ಮಾಡದೆ ಆಗ್ತದಾ? ದುಡ್ಡು ಕೊಟ್ಟು ಆಂಟಿವೈರಸ್ ತೆಗೆದುಕೊಳ್ಳಬೇಕಾ?

ಹಂಪನಕಟ್ಟೆ_ರಿಪೇರಿ

ನೀವು ಹೇಳಿದ್ದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಉಪದ್ರ ಉಂಟು. ಒಂದೊಂದಾಗಿ ನೋಡುವ.

ಕೆಳಮೂಲೆಯ "5 ವೈರಸ್" ನಿಜವಾಗಿ ವೈರಸ್ಸೇ ಅಲ್ಲ. ಯಾವುದೋ ಸೈಟ್ "ನೋಟಿಫಿಕೇಶನ್ ಕಳಿಸಲೇ?" ಎಂದು ಕೇಳಿದಾಗ ಅಲೋ ಒತ್ತಿ ಹೋಗಿದೆ, ಈಗ ಅದು ಕ್ರೋಮ್ ಮೂಲಕ ಜಾಹೀರಾತು ತಳ್ಳುತ್ತಾ ಉಂಟು. ಸಿನೆಮಾ, ಕ್ರಿಕೆಟ್ ಪುಕ್ಕಟೆ ತೋರಿಸುವ ಸೈಟುಗಳಲ್ಲಿ "ವಿಡಿಯೋ ನೋಡಲಿಕ್ಕೆ ಅಲೋ ಒತ್ತಿ" ಅಂತ ಬರುವುದು ಇದಕ್ಕೇ. ಕ್ರೋಮ್ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯೂರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ಅನುಮತಿ ಸಿಕ್ಕ ಸೈಟುಗಳ ಪಟ್ಟಿ ಇರ್ತದೆ, ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ, ಮೇಲ್ಗಡೆ ಯಾವ ಸೈಟೂ ಕೇಳಬಾರದು ಎಂಬ ಆಯ್ಕೆ ಹಾಕಿ. ಎರಡು ನಿಮಿಷದ ಕೆಲಸ. ಆ ಎಚ್ಚರಿಕೆಯ ಮೇಲೆ ಮಾತ್ರ ಕ್ಲಿಕ್ ಮಾಡಬೇಡಿ, ಅದು ಮಾರುವ "ಕ್ಲೀನರ್" ನಾಲ್ಕನೇ ಉಪದ್ರ ಆಗ್ತದೆ.

ಹುಡುಕಾಟ ದಾರಿ ತಪ್ಪುವುದು ಬೇರೆ. ಕ್ರೋಮಿನ ವಿಳಾಸಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಆಫೀಸುಗಳಲ್ಲಿ ನೂರಾರು ಕಂಪ್ಯೂಟರಿಗೆ ಒಟ್ಟಿಗೆ ನಿಯಮ ಹಾಕಲಿಕ್ಕೆ ಇರುವ ಸೌಲಭ್ಯವನ್ನು ಈ ಜಾಹೀರಾತು ತಂತ್ರಾಂಶಗಳು ಬಳಸಿಕೊಳ್ತವೆ. ಆ ಪುಟದಲ್ಲಿ ಎಕ್ಸ್‌ಟೆನ್ಷನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್ ಎಂಬ ಸಾಲು ಇದ್ದರೆ ಕಳ್ಳ ಸಿಕ್ಕಿದ ಹಾಗೆ: ಅದರಿಂದ ಬಂದ ಎಕ್ಸ್‌ಟೆನ್ಷನ್‌ಗೆ (ಕ್ರೋಮಿಗೆ ಸೇರಿಸುವ ಸಣ್ಣ ಪ್ರೋಗ್ರಾಂ) ರಿಮೂವ್ ಬಟನ್ನೇ ಕೆಲಸ ಮಾಡುವುದಿಲ್ಲ. ವಿಂಡೋಸಿನ ಒಳ ಸೆಟ್ಟಿಂಗ್ ಬದಲಿಸುವ ರೆಜಿಸ್ಟ್ರಿ ಎಡಿಟರ್‌ನಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ತನಕ ಹೋಗಿ. ಮೊದಲು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡು, ಆಮೇಲೆ ಆ ಕ್ರೋಮ್ ಕೀಯನ್ನು ಅಳಿಸಿ. ಕರೆಂಟ್ ಯೂಸರ್ ಅಡಿಯಲ್ಲೂ ಇದೇ ದಾರಿ ಉಂಟು, ಅಲ್ಲೂ ನೋಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಮೇಲೆ ಎಕ್ಸ್‌ಟೆನ್ಷನ್ ತೆಗೆಯಲಿಕ್ಕೆ ಬರ್ತದೆ. ಡೆಸ್ಕ್‌ಟಾಪಿನ ಕ್ರೋಮ್ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲನ್ನೂ ಕೊನೇ ತನಕ ಓದಿ; ಕ್ರೋಮ್ ಡಾಟ್ ಇಎಕ್ಸ್‌ಇ ಆದ ಮೇಲೆ ಯಾವುದಾದರೂ ಸೈಟಿನ ವಿಳಾಸ ಬಾಲದ ಹಾಗೆ ಅಂಟಿಕೊಂಡಿದ್ದರೆ ಕತ್ತರಿಸಿ. ಇಷ್ಟಾದ ಮೇಲೂ ದಾರಿ ತಪ್ಪಿದರೆ, ಮತ್ತು ಅದೇ ವೈಫೈಯಲ್ಲಿ ಫೋನಿನಲ್ಲೂ ಹಾಗೇ ಆದರೆ, ತಪ್ಪು ರೂಟರ್‌ನ ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿಗೆ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ಇರಬಹುದು.

ಇನ್ನು ಪೆನ್ ಡ್ರೈವ್. ನಿಮ್ಮ ಫೋಲ್ಡರ್ ಎಲ್ಲೂ ಹೋಗಿಲ್ಲ. ಹುಳ (ತಾನಾಗಿ ಒಂದರಿಂದ ಇನ್ನೊಂದಕ್ಕೆ ಹಬ್ಬುವ ವೈರಸ್) ಅದಕ್ಕೆ ಹಿಡನ್ ಮತ್ತು ಸಿಸ್ಟಮ್ ಎಂಬ ಎರಡು ಗುರುತು ಹಚ್ಚಿ ಮರೆ ಮಾಡಿದೆ, ಅದೇ ಹೆಸರಿನ ಶಾರ್ಟ್‌ಕಟ್ ಎದುರಿಗೆ ಇಟ್ಟಿದೆ. ಒಂದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ, ಟಾರ್ಗೆಟ್‌ನಲ್ಲಿ ಫೋಲ್ಡರ್ ಹೆಸರಿನ ಬದಲು ಸಿಎಂಡಿ ಅಥವಾ ಡಬ್ಲ್ಯೂಸ್ಕ್ರಿಪ್ಟ್ (ಕಮಾಂಡ್, ಸ್ಕ್ರಿಪ್ಟ್ ಓಡಿಸುವ ವಿಂಡೋಸಿನ ಪ್ರೋಗ್ರಾಂಗಳು), ಅದರ ಹಿಂದೆ ವಿಬಿಎಸ್ ಎಂದು ಕೊನೆಯಾಗುವ ಒಂದು ಸ್ಕ್ರಿಪ್ಟ್ ಫೈಲ್, ಕೊನೆಗೆ ನಿಮ್ಮ ಫೋಲ್ಡರ್ ಹೆಸರು ಕಾಣ್ತದೆ. ಅಂದರೆ ಪ್ರತಿ ಕ್ಲಿಕ್ಕಿಗೂ ಮೊದಲು ಹುಳ ಓಡ್ತದೆ, ಆಮೇಲೆ ಅನುಮಾನ ಬಾರದ ಹಾಗೆ ಫೋಲ್ಡರ್ ತೆರೀತದೆ. ಫೈಲ್ ಕಾಣ್ತದಲ್ಲ ಅಂತ ಜನ ಸುಮ್ಮನೆ ಇರುವುದು ಇದರಿಂದಲೇ. ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ಹೆಸರಿನ ಎಕ್ಸ್‌ಟೆನ್ಷನ್ (ಡಾಟ್ ಆದ ಮೇಲಿನ ಅಕ್ಷರಗಳು) ತೋರಿಸುವ ಸೆಟ್ಟಿಂಗ್ ಹಾಕಿದರೂ ಶಾರ್ಟ್‌ಕಟ್‌ನ ಎಕ್ಸ್‌ಟೆನ್ಷನ್ ಮಾತ್ರ ತೋರುವುದಿಲ್ಲ, ವಿಂಡೋಸ್ ಅದನ್ನು ಯಾವಾಗಲೂ ಮುಚ್ಚಿಡ್ತದೆ. ಹಾಗಾಗಿ ಡೀಟೇಲ್ಸ್ ನೋಟದಲ್ಲಿ ಟೈಪ್ ಕಾಲಮ್ಮನ್ನೇ ನೋಡುವ ಅಭ್ಯಾಸ ಒಳ್ಳೆಯದು.

ವಿಂಡೋಸ್ 7 ಬಂದಾಗಿನಿಂದ ಪೆನ್ ಡ್ರೈವ್ ಚುಚ್ಚಿದ ಮಾತ್ರಕ್ಕೆ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ. ಎಕ್ಸ್‌ಪಿ, ವಿಸ್ತಾಗಳಿಗೂ 2011ರ ಫೆಬ್ರವರಿಯಲ್ಲಿ ಅದನ್ನು ನಿಲ್ಲಿಸುವ ಅಪ್‌ಡೇಟ್ ಬಂತು. ಆಮೇಲೆಯೇ ಈ ಶಾರ್ಟ್‌ಕಟ್ ಉಪಾಯಕ್ಕೆ ಬೆಲೆ ಬಂದದ್ದು: ಯಂತ್ರ ಓಡಿಸದ್ದನ್ನು ಮನುಷ್ಯನ ಕೈಯಿಂದಲೇ ಒತ್ತಿಸುವುದು. ತಾನಾಗಿ ಓಡಿಸುವ ಸೂಚನೆಯ ಫೈಲ್ ಕೂರದ ಹಾಗೆ ಅದರದ್ದೇ ಆಟೋರನ್ ಡಾಟ್ ಐಎನ್‌ಎಫ್ ಹೆಸರಿನ ಖಾಲಿ ಫೋಲ್ಡರ್ ಹಾಕಿ "ಲಸಿಕೆ" ಕೊಡುವ ಹಳೇ ಉಪಾಯ ಇದಕ್ಕೆ ನಾಟುವುದಿಲ್ಲ.

ಶಾರ್ಟ್‌ಕಟ್ ಮತ್ತೆ ಹುಟ್ಟುತ್ತದೆ ಎಂದರೆ ಹುಟ್ಟಿಸುವವ ಕಂಪ್ಯೂಟರಿನೊಳಗೆ ಕೂತಿದ್ದಾನೆ. ಹಾಗಾಗಿ ಪೆನ್ ಡ್ರೈವನ್ನು ಕೊನೆಗೆ ಮುಟ್ಟಬೇಕು. ಡಿಫೆಂಡರ್ ಅಪ್‌ಡೇಟ್ ಮಾಡಿ, ಕಂಪ್ಯೂಟರ್ ಏಳುವಾಗ ತಾನಾಗಿ ಓಡುವುದನ್ನೆಲ್ಲ ತೋರಿಸುವ ಆಟೋರನ್ಸ್ ಎಂಬ ಚಿಕ್ಕ ಪ್ರೋಗ್ರಾಂ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಿಂದಲೇ ಇಳಿಸಿಕೊಳ್ಳಿ, ಆಮೇಲೆ ನೆಟ್ ವೈರ್ ಎಳೆಯಿರಿ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಕಮಾಂಡ್ ಲೈನ್ ಕಾಲಮ್ ಸೇರಿಸಿ, ಡಬ್ಲ್ಯೂಸ್ಕ್ರಿಪ್ಟ್ ಓಡುತ್ತಾ ಇದೆಯಾ ನೋಡಿ. ಮನೆ ಕಂಪ್ಯೂಟರಿನಲ್ಲಿ ಅದು ಹಗಲಿಡೀ ಓಡಲಿಕ್ಕೆ ಕಾರಣವೇ ಇಲ್ಲ. ಅದು ಯಾವ ಫೈಲನ್ನು ಓಡಿಸ್ತಾ ಉಂಟು ಎಂಬುದು ಆ ಕಾಲಮ್ಮಿನಲ್ಲೇ ಇರ್ತದೆ. ಬರೆದುಕೊಂಡು ಎಂಡ್ ಟಾಸ್ಕ್ ಮಾಡಿ.

ಆಮೇಲೆ ಆಟೋರನ್ಸ್ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಆಪ್ಷನ್ಸ್‌ನಲ್ಲಿ ಮೈಕ್ರೋಸಾಫ್ಟ್‌ನವುಗಳನ್ನು ಮರೆ ಮಾಡಿ, ಸಹಿ ಪರೀಕ್ಷೆ ಹಾಕಿ. ನಸುಗೆಂಪು ಬಣ್ಣದ ಸಾಲು ಎಂದರೆ ಪ್ರಕಾಶಕರ ಮಾಹಿತಿ ಇಲ್ಲ ಅಥವಾ ಸಹಿ ಹೊಂದುವುದಿಲ್ಲ. ಹಳದಿ ಎಂದರೆ ಫೈಲೇ ಇಲ್ಲ, ಹಳೇ ಕಸ, ಅದರಿಂದ ಅಪಾಯ ಇಲ್ಲ. ನಸುಗೆಂಪೆಲ್ಲ ಕಳ್ಳರಲ್ಲ, ಹಳೇ ಪ್ರಿಂಟರ್ ಡ್ರೈವರ್ ಕೂಡ ಹಾಗೇ ಕಾಣ್ತದೆ. ಆದರೆ ಆಪ್‌ಡೇಟಾ ಅಥವಾ ಟೆಂಪ್ ಫೋಲ್ಡರಿನಿಂದ ಓಡುವ ಅರ್ಥವಿಲ್ಲದ ಹೆಸರಿನದ್ದಾದರೆ ಬಿಡಬೇಡಿ. ಮೊದಲು ಟಿಕ್ ತೆಗೆಯಿರಿ ಸಾಕು, ಡಿಲೀಟ್ ಆಮೇಲೆ. ಲಾಗಾನ್ ಮತ್ತು ಶೆಡ್ಯೂಲ್ಡ್ ಟಾಸ್ಕ್ಸ್ ಎರಡೂ ಪುಟ ನೋಡಿ, ಒಂದರಲ್ಲಿ ತೆಗೆದರೆ ಇನ್ನೊಂದರಿಂದ ಎದ್ದು ಬರುವ ಜಾತಿ ಉಂಟು.

ಅದಾದ ಮೇಲೆ ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಏಳುವ ಮೊದಲೇ ಹುಡುಕ್ತದೆ, ಸುಮಾರು 15 ನಿಮಿಷ. ಅಡಗಿ ಕೂತದ್ದು ಆಗ ಎಚ್ಚರ ಇರುವುದಿಲ್ಲ, ಕ್ವಿಕ್ ಸ್ಕ್ಯಾನಿಗೆ ಸಿಗದ್ದು ಇದಕ್ಕೆ ಸಿಗುವುದು ಹಾಗೆ. ಯುಪಿಎಸ್ ಇಲ್ಲದಿದ್ದರೆ ಗುಡುಗು ಇರುವ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಪೆನ್ ಡ್ರೈವ್ ಹಾಕಿ, ಅದರ ಮೇಲಿನ ಯಾವುದನ್ನೂ ಕ್ಲಿಕ್ ಮಾಡದೆ, ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಫೋನಿನಲ್ಲಿ ಹೇಳಿ ಬರೆಸುವ ಹಾಗೆ ಹೇಳ್ತೇನೆ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ: ಎ ಟಿ ಟಿ ಆರ್ ಐ ಬಿ, ಜಾಗ, ಮೈನಸ್ ಎಚ್, ಜಾಗ, ಮೈನಸ್ ಆರ್, ಜಾಗ, ಮೈನಸ್ ಎಸ್, ಜಾಗ, ಸ್ಲ್ಯಾಶ್ ಎಸ್, ಜಾಗ, ಸ್ಲ್ಯಾಶ್ ಡಿ, ಜಾಗ, ಇ ಕೋಲನ್ ಬ್ಯಾಕ್‌ಸ್ಲ್ಯಾಶ್ ಸ್ಟಾರ್ ಡಾಟ್ ಸ್ಟಾರ್. ಇ ಎಂಬುದು ನಿಮ್ಮ ಪೆನ್ ಡ್ರೈವಿನ ಅಕ್ಷರ, ಬೇರೆ ಇದ್ದರೆ ಬದಲಿಸಿ, ತಪ್ಪಿಯೂ ಸಿ ಹಾಕಬೇಡಿ. ಎಚ್ ಮತ್ತು ಎಸ್ ಎರಡನ್ನೂ ಒಟ್ಟಿಗೇ ಕೊಡಬೇಕು. ಸಿಸ್ಟಮ್ ಗುರುತು ಇರುವಾಗ ಹಿಡನ್ ಒಂದನ್ನೇ ತೆಗೆಯಲಿಕ್ಕೆ ಆಗುವುದಿಲ್ಲ. ಪ್ರಾಪರ್ಟೀಸ್‌ನಲ್ಲಿ ಹಿಡನ್ ಚೌಕ ಮಸುಕಾಗಿ, ಒತ್ತಿದರೂ ಒತ್ತದ ಹಾಗೆ ಇರ್ತದಲ್ಲ, ಅದಕ್ಕೂ ಇದೇ ಕಾರಣ. ಕೆಲವು ಹುಳಗಳು ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿಗೆ ತುಂಬಿ ಇಡ್ತವೆ. ಕಮಾಂಡ್ ಓಡಿದ ಮೇಲೆ ಹೆಸರಿನ ಜಾಗ ಖಾಲಿ ಇರುವ ಹಳದಿ ಫೋಲ್ಡರ್ ಕಂಡರೆ ಗಾಬರಿ ಬೇಡ, ನಿಮ್ಮ ಫೈಲ್ ಅದರೊಳಗೇ ಉಂಟು. ಫೈಲ್ ಬೇರೆ ಕಡೆ ತೆಗೆದಿಟ್ಟು ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ.

ಈ ಎಲ್ಲದಕ್ಕಿಂತ ಮೊದಲು ಒಂದು ನೋಡಿ ಹೇಳಿ: ವಿಂಡೋಸ್ ಸೆಕ್ಯೂರಿಟಿ, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್, ಮ್ಯಾನೇಜ್ ಸೆಟ್ಟಿಂಗ್ಸ್, ತೀರಾ ಕೆಳಗೆ ಎಕ್ಸ್‌ಕ್ಲೂಷನ್ಸ್, ಅಂದರೆ ಡಿಫೆಂಡರ್ ನೋಡದೆ ಬಿಡುವ ಜಾಗಗಳ ಪಟ್ಟಿ. ಅಲ್ಲಿ ಎಂತ ಉಂಟು?

ಮಣಿಪಾಲ_ರಾತ್ರಿಪಾಳಿ

ಮೇಲಿನವರು ಹೇಳಿದ್ದು ಪೆನ್ ಡ್ರೈವ್ ಹುಳಕ್ಕೆ ಸರಿಯಾದ ಮದ್ದು. ನನ್ನ ತಕರಾರು ಆಕ್ಟಿವೇಟರ್ ಬಗ್ಗೆ.

ಆಕ್ಟಿವೇಟರ್ ಹಾಕುವಾಗ "ಆಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ ಇರುತ್ತದೆ, ಮತ್ತು ಅಡ್ಮಿನ್ ಅನುಮತಿ ಕೇಳುತ್ತದೆ. ಆ ಗಳಿಗೆಯಲ್ಲಿ ಅದು ಏನು ಬೇಕಾದರೂ ಮಾಡಬಹುದು. ಇಂಥವುಗಳ ಜೊತೆ ಸಾಮಾನ್ಯವಾಗಿ ಬರುವುದು ಪಾಸ್‌ವರ್ಡ್ ಕದಿಯುವ ಜಾತಿ. ಅದಕ್ಕೆ ಕಂಪ್ಯೂಟರಿನಲ್ಲಿ ಬೀಡುಬಿಡುವ ಅಗತ್ಯವೂ ಇಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕುಕಿ (ನೀವು ಲಾಗಿನ್ ಆಗಿದ್ದೀರಿ ಎಂದು ಸೈಟಿಗೆ ತೋರಿಸುವ ಗುರುತು) ಎಲ್ಲ ಒಂದೆರಡು ನಿಮಿಷದಲ್ಲಿ ಬಾಚಿ ಕಳಿಸಿ ತನ್ನನ್ನೇ ಅಳಿಸಿಕೊಂಡು ಹೋಗಬಹುದು. ಆಮೇಲೆ ನೀವು ಎಷ್ಟು ಸ್ಕ್ಯಾನ್ ಮಾಡಿದರೂ ಸ್ವಚ್ಛ. ಕುಕಿ ಹೋದರೆ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ಈಗಾಗಲೇ ಲಾಗಿನ್ ಆಗಿರುವ ನಿಮ್ಮ ಸೆಷನ್ನೇ ಅವನ ಕೈಗೆ ಸಿಗುತ್ತದೆ.

ಆದ್ದರಿಂದ ಪಾಸ್‌ವರ್ಡ್ ಬದಲಿಸುವ ಕೆಲಸ ಇವತ್ತೇ, ಈ ಕಂಪ್ಯೂಟರಿನಿಂದ ಅಲ್ಲ, ಫೋನಿನಿಂದ. ಮೊದಲು ಇಮೇಲ್, ಯಾಕೆಂದರೆ ಉಳಿದೆಲ್ಲದರ ರೀಸೆಟ್ ಲಿಂಕ್ ಬರುವುದು ಅಲ್ಲಿಗೆ. ಗೂಗಲ್ ಖಾತೆಯ ಸೆಕ್ಯೂರಿಟಿ ಪುಟದಲ್ಲಿ ನಿಮ್ಮ ಸಾಧನಗಳ ಪಟ್ಟಿಗೆ ಹೋಗಿ ಈ ಡೆಸ್ಕ್‌ಟಾಪನ್ನು, ಗುರುತಿಲ್ಲದ್ದು ಏನಿದ್ದರೂ ಅದನ್ನು, ಸೈನ್ ಔಟ್ ಮಾಡಿ. ರಿಕವರಿ ಫೋನ್ ನಂಬರ್ ನಿಮ್ಮದೇನಾ, ಮೇಲ್ ಬೇರೆ ಯಾರಿಗಾದರೂ ಫಾರ್ವರ್ಡ್ ಆಗುತ್ತಿದೆಯಾ ನೋಡಿ. ನಂತರ ಬ್ಯಾಂಕ್, ಎರಡು ಹಂತದ ದೃಢೀಕರಣ, ವಾಟ್ಸಾಪಿನ ಲಿಂಕ್ಡ್ ಡಿವೈಸಸ್. ಹಣ ಹೋಗಿದೆ ಎಂದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ನೋಡುವುದು ಆ ವ್ಯವಸ್ಥೆಯ ಉದ್ದೇಶ.

ಇನ್ನೊಂದು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಿಸಿದ್ದಾರೆ; ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಲಿಂಕ್ ಬರುತ್ತದೆ, ಮೈಕ್ರೋಸಾಫ್ಟ್ ಖಾತೆ ಬೇಕು. ನಿಮ್ಮ ನಾಲ್ಕನೇ ತಲೆಮಾರಿನ ಐ5 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ಅದಕ್ಕೆ ಇಂಟೆಲ್ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಡಿಫೆಂಡರಿಗೆ ಹೊಸ ವೈರಸ್ ಪಟ್ಟಿ ಬರುತ್ತಲೇ ಇರುತ್ತದೆ, ಆದರೆ ಬೀಗ ಮುರಿದ ಬಾಗಿಲಿಗೆ ಕಾವಲುಗಾರ ಇಟ್ಟ ಹಾಗೆ ಅದು, ವಿಂಡೋಸಿನ ತೂತು ಮುಚ್ಚುವುದು ಬೇರೆ ಅಪ್‌ಡೇಟ್. ಹೇಗೂ ಹೊಸದಾಗಿ ಹಾಕುವುದಾದರೆ ವಿಂಡೋಸಿನ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕುವ ಯೋಚನೆ ಮಾಡಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಚೆನ್ನಾಗಿ ಓಡುತ್ತದೆ, ಬ್ರೌಸರ್, ಲಿಬ್ರೆ ಆಫೀಸ್, ಆಡಿಯೋ ಕೇಳುವುದು ಇಷ್ಟಕ್ಕೆ ಏನೂ ಕೊರತೆ ಇಲ್ಲ, ಐಬಸ್ ಎಂ17ಎನ್ ಎಂಬ ಟೈಪಿಂಗ್ ಸಾಧನ ಹಾಕಿದರೆ ನುಡಿಯಲ್ಲಿರುವ ಕೆಜಿಪಿ ವಿನ್ಯಾಸದಲ್ಲೇ ಕನ್ನಡ ಟೈಪ್ ಮಾಡಬಹುದು.

ಹಳೇ_ಕೀಲಿಮಣೆ

ಕನ್ನಡ ಟೈಪಿಂಗ್ ಮಾತು ಬಂದದ್ದಕ್ಕೆ ಒಂದು ಸೇರಿಸ್ತೇನೆ. ನುಡಿ, ಬರಹದಂಥ ತಂತ್ರಾಂಶ ನಾವು ಒತ್ತುವ ಪ್ರತಿ ಕೀಯನ್ನೂ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡ್ತದೆ. ಕೀ ಕದಿಯುವ ಸ್ಪೈವೇರ್ ಮಾಡುವ ಕೆಲಸವೂ ಹೊರಗಿನಿಂದ ನೋಡಿದರೆ ಅದೇ. ಹಾಗಾಗಿ ಆಂಟಿವೈರಸ್ ಒಮ್ಮೊಮ್ಮೆ ಒಳ್ಳೆಯದನ್ನೂ ಅನುಮಾನಿಸ್ತದೆ, ಮತ್ತು ಜನ "ಅಯ್ಯೋ ಅದು ನುಡಿ, ಬಿಡಿ" ಅಂತ ಎಕ್ಸ್‌ಕ್ಲೂಷನ್ ಹಾಕಿ ಬಿಡ್ತಾರೆ. ಅದು ಅಧಿಕೃತ ಪುಟದಿಂದ ಬಂದ ನುಡಿಯಾ, ಇಲ್ಲ "ನುಡಿ ಫುಲ್ ವರ್ಷನ್ ಫ್ರೀ" ಎಂಬ ಡೌನ್‌ಲೋಡ್ ಸೈಟಿನದ್ದಾ ಎಂದು ನೋಡುವುದಿಲ್ಲ. ವಿಂಡೋಸ್ 10ರೊಳಗೇ ಕನ್ನಡ ಕೀಲಿಮಣೆ ಉಂಟು, ಭಾಷೆ ಸೇರಿಸಿದರೆ ಆಯಿತು. ಕಿನ್ನಿಕಂಬಳದ ಕೆ.ಪಿ. ರಾಯರ ವಿನ್ಯಾಸವೇ ಕೈಗೆ ಕೂತವರಿಗೆ ನುಡಿ ಬಿಡಲಿಕ್ಕೆ ಕಷ್ಟ, ಒಪ್ಪುತ್ತೇನೆ. ಆದರೆ ಸರಿಯಾದ ಜಾಗದಿಂದ ಇಳಿಸಿ.

ಆಂಟಿವೈರಸ್ ಕೇಳಿದಿರಿ. ಮನೆಗೆ ಡಿಫೆಂಡರ್ ಸಾಕು. ದುಡ್ಡಿನದ್ದೇ ಬೇಕಾದರೆ ಒಂದೇ ಒಂದು. ಎರಡು ಒಟ್ಟಿಗೆ ಕಾವಲಿಗೆ ನಿಂತರೆ ಒಂದು ತೆರೆದ ಫೈಲನ್ನು ಇನ್ನೊಂದು ಹಿಡಿದು ಕಂಪ್ಯೂಟರ್ ತೆವಳ್ತದೆ. ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರೀತದೆ. ಹೊಸ ಕಂಪ್ಯೂಟರ್ ಜೊತೆ ಬಂದ ಒಂದು ತಿಂಗಳ ಟ್ರಯಲ್ ಮುಗಿದ ಮೇಲೂ ಹಾಗೇ ಬಿಡುವ ಮನೆಗಳು ಎಷ್ಟೋ, ಅಲ್ಲಿ ಹೊಸ ವೈರಸ್ ಗುರುತಿಸುವವರೇ ಇಲ್ಲದ ಹಾಗೆ ಆಗಬಹುದು. ಅನ್‌ಇನ್‌ಸ್ಟಾಲ್ ಮಾಡಿ ಡಿಫೆಂಡರ್ ಎದ್ದದ್ದನ್ನು ಕಣ್ಣಾರೆ ನೋಡಿ. ಎರಡನೇ ಅಭಿಪ್ರಾಯಕ್ಕೆ ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಪುಟದಲ್ಲಿ ಪುಕ್ಕಟೆ ಬಾಟ್ ತೆಗೆಯುವ ಉಪಕರಣ ಸಿಗ್ತದೆ, ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ನಡೆಸುವುದು, 2017ರಿಂದ ಉಂಟು.

ಅಪ್ಪನಿಗೆ ಒಂದು ಹೇಳಿ ಇಡಿ. "ನಾನು ರೋಬೋಟ್ ಅಲ್ಲ" ಎಂಬ ಪುಟದಲ್ಲಿ ಚಿತ್ರ ಗುರುತಿಸುವ ಬದಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ, ಆಮೇಲೆ ಎಂಟರ್ ಅಂತ ಬರೆದಿದ್ದರೆ ಅಲ್ಲೇ ಮುಚ್ಚಬೇಕು. ಆ ಪುಟ ಒಂದು ಕಮಾಂಡನ್ನು ಮೊದಲೇ ಕ್ಲಿಪ್‌ಬೋರ್ಡಿಗೆ ಹಾಕಿರ್ತದೆ, ಓಡಿಸುವುದು ನೀವೇ. ಪರದೆ ತುಂಬಾ ಕೆಂಪು ಎಚ್ಚರಿಕೆ, ಜೋರು ಸದ್ದು, ಫೋನ್ ನಂಬರ್ ಬಂದರೆ ಎಸ್ಕೇಪ್ ಕೀ ಒತ್ತಿ ಹಿಡಿದು, ಆಲ್ಟ್ ಮತ್ತು ಎಫ್4. ಆ ನಂಬರಿಗೆ ಮಾತ್ರ ಫೋನ್ ಮಾಡಬಾರದು.

ಅಂಬಲಪಾಡಿ_ಮನೆ

ಎಲ್ಲರಿಗೂ ಧನ್ಯವಾದ. ನೋಟಿಫಿಕೇಶನ್ ತೆಗೆದೆ, ನಿಂತಿತು. ಪಾಲಿಸಿ ಪುಟದಲ್ಲಿ ಆ ಫೋರ್ಸ್‌ಲಿಸ್ಟ್ ಸಾಲು ಉಂಟು. ಎಕ್ಸ್‌ಕ್ಲೂಷನ್ಸ್‌ನಲ್ಲಿ ಎರಡು: ಪ್ರೋಗ್ರಾಂಡೇಟಾದೊಳಗಿನ ಒಂದು ಫೋಲ್ಡರ್, ಮತ್ತೆ ಬರೀ "ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್". ಅಂದರೆ ಎಂತ? ಡಿ ಡ್ರೈವನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಕೊಂಡರೆ ಹುಳ ಅದರ ಜೊತೆ ಬರುವುದಿಲ್ಲವಾ?

ಹಂಪನಕಟ್ಟೆ_ರಿಪೇರಿ

ಇಡೀ ಸಿ ಡ್ರೈವನ್ನು ನೋಡಬೇಡ ಎಂದು ಡಿಫೆಂಡರಿಗೆ ಹೇಳಿ ಆಗಿದೆ ಮಾರಾಯ್ರೇ. ಕ್ವಿಕ್ ಸ್ಕ್ಯಾನ್ ಏನೂ ಇಲ್ಲ ಅಂದದ್ದು ಹಾಗೆ, ಅದು ನೋಡಲೇ ಇಲ್ಲ. ಎಕ್ಸ್‌ಕ್ಲೂಷನ್ ಹಾಕಲಿಕ್ಕೆ ಅಡ್ಮಿನ್ ಹಕ್ಕು ಬೇಕು, ಜೆರಾಕ್ಸ್ ಅಂಗಡಿಯ ಹುಳಕ್ಕೆ ಸಾಮಾನ್ಯವಾಗಿ ಅಷ್ಟು ಹಕ್ಕು ಸಿಗುವುದಿಲ್ಲ, ಆಕ್ಟಿವೇಟರಿಗೆ ಕೊಟ್ಟೇ ಕೊಟ್ಟಿರ್ತೇವೆ. ಮಣಿಪಾಲದವರು ಹೇಳಿದ್ದೇ ಸರಿ, ನನ್ನ ಮೊದಲಿನ ಸಲಹೆಯಲ್ಲಿ ಸ್ವಚ್ಛ ಮಾಡುವ ಭಾಗ ಬಿಡಿ. ಎಷ್ಟು ಸಮಯದಿಂದ ಕಣ್ಣು ಕಟ್ಟಿತ್ತೋ ಗೊತ್ತಿಲ್ಲದ ಯಂತ್ರವನ್ನು ತಿಕ್ಕಿ ತೊಳೆದು ಬ್ಯಾಂಕ್ ಕೆಲಸಕ್ಕೆ ಕೂರುವುದು ಬೇಡ. ಸಿ ಡ್ರೈವ್ ಹೊಸದಾಗಿ ಹಾಕಿ. ಡಿ ಉಳೀತದೆ.

ಕಾಪಿ ಮಾಡುವುದು ಈ ವಿಂಡೋಸಿನಿಂದ ಬೇಡ. ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿದ ಕೂಡಲೇ ಅದಕ್ಕೂ ಶಾರ್ಟ್‌ಕಟ್ ಹತ್ತುತ್ತದೆ. ಬೇರೆ ಶುದ್ಧ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್ ಡ್ರೈವಿಗೆ ಲಿನಕ್ಸ್ ಮಿಂಟ್ ಬರೆದು, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ. ವಿಂಡೋಸ್ ಮಲಗಿರುವುದರಿಂದ ವಿಬಿಎಸ್ ಓಡಲಿಕ್ಕೆ ಯಾರೂ ಇಲ್ಲ. ಅಲ್ಲಿ ಹಿಡನ್, ಸಿಸ್ಟಮ್ ಗುರುತಿನ ಫೋಲ್ಡರುಗಳೂ ಮಾಮೂಲಿಯಾಗಿ ಕಾಣ್ತವೆ, ಪೆನ್ ಡ್ರೈವಿಗೆ ಎಟ್ರಿಬ್ ಕಮಾಂಡೂ ಬೇಡ. ಡಿ ಡ್ರೈವ್ ಬರೀ ಓದಲಿಕ್ಕೆ ಮಾತ್ರ ತೆರೆದರೆ ಅದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಕಾರಣಕ್ಕೆ, ಓದಲಿಕ್ಕೆ ಸಿಕ್ಕಿದರೆ ನಮಗೆ ಸಾಕು. ಸಿ ಡ್ರೈವಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ನೋಡಲಿಕ್ಕೆ ಮರೆಯಬೇಡಿ, ಫೋಟೋ ಅಲ್ಲೂ ಬಿದ್ದಿರ್ತದೆ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೇ ಡಿಸ್ಕ್ ಹಾಕಿ. ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ 400 ಜಿಬಿಗೆ ಒಂದು ಗಂಟೆ ಚಿಲ್ಲರೆ. ಹಳೇ ಪೋರ್ಟಾದರೆ 30 ಎಂಬಿ ಸಿಕ್ಕಿದರೆ ಹೆಚ್ಚು, ಮೂರೂವರೆ ಗಂಟೆ ದಾಟ್ತದೆ.

ಆಡಿಯೋ, ಫೋಟೋ, ಪಿಡಿಎಫ್ ಮಾತ್ರ ತನ್ನಿ. ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಜೆಎಸ್, ಬ್ಯಾಟ್, ಎಲ್‌ಎನ್‌ಕೆ ಎಂದು ಕೊನೆಯಾಗುವುದು ಏನೂ ಬರಬಾರದು. ಪ್ರಸಂಗದ ಹೆಸರು, ಡಾಟ್ ಎಂಪಿ3, ಅದರ ಹಿಂದೆ ಇನ್ನೊಂದು ಡಾಟ್ ಇಎಕ್ಸ್‌ಇ ಎಂಬ ಫೈಲ್ ಇದ್ದರೆ ವಿಂಡೋಸ್ ಕೊನೆಯದ್ದನ್ನು ಮುಚ್ಚಿಟ್ಟು ಎಂಪಿ3 ಎಂದೇ ತೋರಿಸಿರ್ತದೆ, ಲಿನಕ್ಸಿನಲ್ಲಿ ಪೂರ್ತಿ ಹೆಸರು ಕಾಣ್ತದೆ. ಗಾತ್ರದಿಂದಲೂ ಗೊತ್ತಾಗ್ತದೆ: 128 ಕೆಬಿಪಿಎಸ್‌ನಲ್ಲಿ ಎರಡು ಗಂಟೆಯ ತಾಳಮದ್ದಳೆ ಸುಮಾರು 115 ಎಂಬಿ ಇರಬೇಕು. 900 ಕೆಬಿಯಲ್ಲಿ ಅರ್ಥಧಾರಿ ಪೀಠಿಕೆಯನ್ನೂ ಮುಗಿಸಲಾರ.

ಕಾಪಿ ಆಗಿ, ನಾಲ್ಕೈದು ಫೈಲ್ ತೆರೆದು ನೋಡಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ, 1 ಟಿಬಿ ಡಿಸ್ಕಿನ ಸಾಟಾ ಕೇಬಲ್ ಕಳಚಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ 0, ಡಿಸ್ಕ್ 1 ಎಂದು ಮಾತ್ರ ತೋರಿಸ್ತದೆ, ಯಾವುದು ಯಾವುದೆಂದು ಅಂದಾಜಿನಲ್ಲಿ ಡಿಲೀಟ್ ಒತ್ತಿ ಡಿ ಕಳಕೊಳ್ಳುವುದು ಹಾಗೆ. ಎಸ್‌ಎಸ್‌ಡಿ ಒಂದೇ ಇದ್ದರೆ ತಪ್ಪಲಿಕ್ಕೆ ಜಾಗವೇ ಇಲ್ಲ. ಇನ್‌ಸ್ಟಾಲ್ ಪೆನ್ ಡ್ರೈವನ್ನೂ ಬೇರೆ ಕಂಪ್ಯೂಟರಿನಲ್ಲೇ ತಯಾರು ಮಾಡಿ, ಎಲ್ಲ ಪಾರ್ಟಿಷನ್ ಅಳಿಸಿ ಖಾಲಿ ಜಾಗಕ್ಕೆ ಹಾಕಿ. ಮೊದಲು ಸರಿಯಾದ ಲೈಸೆನ್ಸ್ ಇದ್ದಿದ್ದರೆ ಅದೇ ಮದರ್‌ಬೋರ್ಡಿಗೆ ತಾನಾಗಿ ಆಕ್ಟಿವೇಟ್ ಆಗ್ತದೆ. ಆಫೀಸಿಗೆ ಲಿಬ್ರೆ ಆಫೀಸ್, ಯೂನಿಕೋಡ್ ಕನ್ನಡ ಚೆನ್ನಾಗಿ ಬರ್ತದೆ.

ಕ್ರೋಮ್ ಸೈನ್ ಇನ್ ಮಾಡಿದ ಕೂಡಲೇ ಎಕ್ಸ್‌ಟೆನ್ಷನ್ ಪಟ್ಟಿ ನೋಡಿ. ಹಳೇ ಎಕ್ಸ್‌ಟೆನ್ಷನ್ ಸಿಂಕ್ ಮೂಲಕ ಹೊಸ ವಿಂಡೋಸಿಗೂ ಇಳಿದು ಬರುವುದುಂಟು, ಆಗ ಜನ "ಫಾರ್ಮ್ಯಾಟ್ ಮಾಡಿದರೂ ಹೋಗಲಿಲ್ಲ" ಅಂತಾರೆ.

ಮಣಿಪಾಲ_ರಾತ್ರಿಪಾಳಿ

ಹೊಸದಾಗಿ ಹಾಕಿದ ಮೇಲೆ ಎರಡು ಖಾತೆ ಮಾಡಿ. ಅಡ್ಮಿನ್ ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ, ಅಪ್ಪನದು ಸ್ಟ್ಯಾಂಡರ್ಡ್ ಖಾತೆ. ಪೆನ್ ಡ್ರೈವ್ ಹುಳ ಸ್ಟ್ಯಾಂಡರ್ಡ್ ಖಾತೆಯಲ್ಲೂ ಓಡಬಲ್ಲದು, ಅದು ನಿಜ. ಆದರೆ ಎಕ್ಸ್‌ಕ್ಲೂಷನ್ ಹಾಕಲು, ಕ್ರೋಮ್ ಪಾಲಿಸಿ ಬರೆಯಲು ಪಾಸ್‌ವರ್ಡ್ ಕೇಳುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಡಿಫೆಂಡರ್ ಸೆಟ್ಟಿಂಗನ್ನು ಬೇರೆ ಪ್ರೋಗ್ರಾಂ ಬದಲಿಸದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ.

ವಿಬಿಎಸ್ ಹುಳಕ್ಕೆ ನೇರ ಮದ್ದು ಇನ್ನೊಂದಿದೆ. ರೆಜಿಸ್ಟ್ರಿಯಲ್ಲಿ ಲೋಕಲ್ ಮಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್, ಸೆಟ್ಟಿಂಗ್ಸ್. ಅಲ್ಲಿ ಎನೇಬಲ್ಡ್ ಎಂಬ 32 ಬಿಟ್ ಡಿವರ್ಡ್ ಮಾಡಿ ಬೆಲೆ 0 ಕೊಡಿ. ವಿಬಿಎಸ್ ಫೈಲುಗಳನ್ನು ನೋಟ್‌ಪ್ಯಾಡಿನಲ್ಲಿ ತೆರೆಯುವ ಹಾಗೆ ಮಾಡಿದರೆ ಸಾಕೆಂದು ಕೆಲವರು ಹೇಳುತ್ತಾರೆ, ಆದರೆ ಶಾರ್ಟ್‌ಕಟ್ ಡಬ್ಲ್ಯೂಸ್ಕ್ರಿಪ್ಟನ್ನು ಹೆಸರು ಹಿಡಿದೇ ಕರೆಯುವಾಗ ಆ ಜೋಡಣೆಗೆ ಬೆಲೆಯಿಲ್ಲ. ಸ್ಕ್ರಿಪ್ಟ್ ಬದಲು ಡಿಎಲ್‌ಎಲ್ ಎಂಬ ಪ್ರೋಗ್ರಾಂ ಫೈಲ್ ಓಡಿಸುವ ಜಾತಿಯ ಹುಳ ಇದಕ್ಕೆ ಜಗ್ಗುವುದಿಲ್ಲ. ಯಾವುದಾದರೂ ಹಳೇ ತಂತ್ರಾಂಶ ಸ್ಕ್ರಿಪ್ಟ್ ಹೋಸ್ಟ್ ನಿಂತಿದೆ ಎಂದು ದೂರಿದರೆ ಬೆಲೆ 1 ಮಾಡಿದರಾಯಿತು.

ಯಕ್ಷಗಾನದ ಡಿಸ್ಕನ್ನು ಕಾಪಿ ಮಾಡುವಾಗ ಮಾತ್ರ ಚುಚ್ಚಿ. ಸದಾ ಚುಚ್ಚಿಯೇ ಇದ್ದರೆ ಫೈಲಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಬಂದ ದಿನ ಅದೂ ಬೀಗ ಬೀಳುವ ಸಾಲಿನಲ್ಲಿರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮರದ ಕಪಾಟು ಬೇಡ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಹಳೇ_ಕೀಲಿಮಣೆ

ಜೆರಾಕ್ಸ್ ಅಂಗಡಿಗೆ ಬೇರೆಯೇ ಒಂದು ಸಣ್ಣ ಪೆನ್ ಡ್ರೈವ್ ಇಡಿ, ಆ ದಿನ ಬೇಕಾದ ಪಿಡಿಎಫ್ ಬಿಟ್ಟು ಏನೂ ಇರಬಾರದು, ತಂದ ಕೂಡಲೇ ತೆರೆಯದೆ ಫಾರ್ಮ್ಯಾಟ್. ಮೆಮೊರಿ ಕಾರ್ಡಿನ ಲಾಕ್ ಕಡ್ಡಿ ನಂಬಿಕೊಳ್ಳಬೇಡಿ, ಅದನ್ನು ಪಾಲಿಸುವುದು ಬಿಡುವುದು ಕಾರ್ಡ್ ರೀಡರ್ ಕೈಯಲ್ಲಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಮೇಲ್ ತೆರೆಯುವುದಂತೂ ಬೇಡವೇ ಬೇಡ. ಆಧಾರ್ ಆದರೆ ಯುಐಡಿಎಐ ಪುಟದಲ್ಲಿ ಕೊನೇ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗ್ತದೆ, ಹೆಚ್ಚಿನ ಕಡೆ ಅದು ನಡೀತದೆ. ಆ ಪಿಡಿಎಫ್‌ಗೆ ಪಾಸ್‌ವರ್ಡ್ ಉಂಟಲ್ಲ ಅಂತ ಧೈರ್ಯ ಬೇಡ: ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಪ್ರಿಂಟ್ ತೆಗೆಯುವವರಿಗೆ ಅದನ್ನು ನಾವೇ ಕೌಂಟರಿನಲ್ಲಿ ನಿಂತು ಹೇಳ್ತೇವೆ.